ಕಾಫಿಯ ಪರಿಮಳವನ್ನು ಕಾಯ್ದ ಕೌಂಟ್ ರಂಫರ್ಡ್

ಕಾಫಿಯನ್ನು ಮನೆಯಲ್ಲಿ ಹೇಗೆ ಮಾಡಬೇಕು ಎಂಬ ವಿಷಯದಲ್ಲಿ ಎರಡು ಮನೆಗಳ ಅಭಿಪ್ರಾಯ ಒಂದಾಗಿರುವುದು ಅಪೂರ್ವ. ಮಲೆನಾಡಿನ ಹಳೆಯ ಮನೆಗಳಲ್ಲಿ ಬೆಲ್ಲದ ನೀರನ್ನು ಮರಳಿಸಿ, ಪುಡಿ ಹಾಕಿ ಇಳಿಸಿ, ಬಟ್ಟೆಯಲ್ಲಿ ಸೋಸಿ ಕೊಡುವ ಕಾಫಿಗೆ ಅದರದೇ ಆದ ರುಚಿಯುಂಟು. ಅದನ್ನು ಕುಡಿದು ಬೆಳೆದವರಿಗೆ ಬೇರೆ ಕಾಫಿ ಸಪ್ಪೆಯೆನಿಸುತ್ತದೆ. ಪಟ್ಟಣದ ಗೃಹಿಣಿಗಾದರೋ ಫಿಲ್ಟರಿನಲ್ಲಿ ತೊಟ್ಟು ತೊಟ್ಟಾಗಿ ಇಳಿದ ಡಿಕಾಕ್ಷನ್ನೇ ಕಾಫಿ, ಉಳಿದುದೆಲ್ಲ ಕಷಾಯ. ಪುಡಿಯನ್ನು ಒತ್ತಬೇಕೆ, ಸಡಿಲವಾಗಿ ಬಿಡಬೇಕೆ? ನೀರು ಕುದಿಯುತ್ತಿರುವಾಗಲೇ ಸುರಿಯಬೇಕೆ, ಕುದಿ ನಿಂತ ಮೇಲೆ ಸುರಿಯಬೇಕೆ? ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲಿಡಬಹುದೆ? ಇಂತಹ ಪ್ರಶ್ನೆಗಳಿಗೆ ನಮ್ಮ ಮನೆಗಳಲ್ಲಿ ಅತ್ತೆಯ ಉತ್ತರ ಒಂದು, ಸೊಸೆಯ ಉತ್ತರ ಇನ್ನೊಂದು.

ಈ ವಾದ ನಮ್ಮ ನಾಡಿನದು ಮಾತ್ರವಲ್ಲ, ನಮ್ಮ ಕಾಲದ್ದೂ ಅಲ್ಲ. ಎರಡು ಶತಮಾನಗಳ ಹಿಂದೆ ಯೂರೋಪಿನ ಅಡಿಗೆಮನೆಗಳಲ್ಲಿ ಇದೇ ಜಿಜ್ಞಾಸೆ ನಡೆದಿತ್ತು. ಅದನ್ನು ರುಚಿಯ ಹಟದಿಂದ ಬಿಡಿಸಿ ಪ್ರಯೋಗಶಾಲೆಗೆ ತಂದು, ಕಾರಣ ಕಾರ್ಯಗಳನ್ನು ಹೇಳಿ ವಿವರಿಸಿದವನು ಬಾಣಸಿಗನಲ್ಲ, ಕಾಫಿಯ ವರ್ತಕನೂ ಅಲ್ಲ. ಅವನು ಒಬ್ಬ ಸೇನಾಧಿಕಾರಿ. ಒಂದು ರಾಜ್ಯದ ಮಂತ್ರಿ. ಉಷ್ಣವೆಂದರೇನು ಎಂಬ ಮಹಾಪ್ರಶ್ನೆಯನ್ನು ತೋಪುಗಳ ಕಾರ್ಖಾನೆಯಲ್ಲಿ ನಿಂತು ಕೇಳಿದ ವಿಜ್ಞಾನಿ. ಹುಟ್ಟಿದಾಗ ಬೆಂಜಮಿನ್ ಥಾಮ್ಸನ್ ಎಂದಿದ್ದ ಅವನನ್ನು ಲೋಕ ಬಲ್ಲುದು ಕೌಂಟ್ ರಂಫರ್ಡ್ ಎಂಬ ಹೆಸರಿನಿಂದ. ಅವನ ಚರಿತ್ರೆ ಸ್ವಾರಸ್ಯವಾದುದು; ಎಲ್ಲ ಕಡೆಯೂ ಹಿತವಾದುದಲ್ಲ.

ಬಾಲ್ಯ, ವಿವಾಹ, ಪಲಾಯನ

ಥಾಮ್ಸನ್ 1753ನೆಯ ಮಾರ್ಚಿ 26ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೂಬರ್ನ್ ಎಂಬ ಊರಿನಲ್ಲಿ ಹುಟ್ಟಿದನು. ಆ ಪ್ರಾಂತವು ಆಗ ಇಂಗ್ಲೆಂಡಿನ ದೊರೆಗೆ ಸೇರಿದ್ದಿತು. ಮಗುವಿಗೆ ಎರಡು ವರ್ಷ ತುಂಬುವುದರೊಳಗೆ ರೈತನಾಗಿದ್ದ ತಂದೆ ತೀರಿಕೊಂಡನು, ತಾಯಿ ಮರುಮದುವೆಯಾದಳು. ಹದಿಮೂರನೆಯ ವಯಸ್ಸಿನಲ್ಲಿ ಹುಡುಗನನ್ನು ಸೇಲಂ ಪಟ್ಟಣದ ಒಬ್ಬ ವರ್ತಕನ ಬಳಿ ಕೆಲಸ ಕಲಿಯಲು ಬಿಟ್ಟರು. ಅವನಿಗೆ ಲೆಕ್ಕದ ಪುಸ್ತಕಕ್ಕಿಂತ ಯಂತ್ರಗಳಲ್ಲಿ ಆಸಕ್ತಿ. ಮದ್ದು ಅರೆದು ಬಾಣಬಿರುಸು ತಯಾರಿಸುವಾಗ ಅದು ಸಿಡಿದು ಮೈ ಸುಟ್ಟುಕೊಂಡನು. ಶಾಲೆಯ ವಿದ್ಯೆ ಹೆಚ್ಚು ದೊರೆಯಲಿಲ್ಲವಾದರೂ, ಲೋಅಮಿ ಬಾಲ್ಡ್ವಿನ್ ಎಂಬ ಗೆಳೆಯನೊಡನೆ ಮೈಲಿಗಟ್ಟಲೆ ನಡೆದುಹೋಗಿ ಹಾರ್ವರ್ಡ್ ಕಾಲೇಜಿನ ಭೌತವಿಜ್ಞಾನದ ಉಪನ್ಯಾಸಗಳನ್ನು ಕೇಳಿ ಬರುತ್ತಿದ್ದನು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ನ್ಯೂ ಹ್ಯಾಂಪ್‌ಷೈರಿನ ಕಾಂಕರ್ಡ್ ಎಂಬ ಊರಿಗೆ ಉಪಾಧ್ಯಾಯನಾಗಿ ಹೋದನು. ಆ ಊರಿಗೆ ಹಿಂದೆ ರಂಫರ್ಡ್ ಎಂಬ ಹೆಸರಿತ್ತು. ಎತ್ತರವಾದ ನಿಲುವು, ಚೆಲುವಾದ ಮುಖ, ಮಾತಿನ ಚಾತುರ್ಯ ಇವು ಅವನಿಗಿದ್ದ ಬಂಡವಾಳ. 1772ರಲ್ಲಿ ಅವನು ತನಗಿಂತ ಸುಮಾರು ಹದಿನಾಲ್ಕು ವರ್ಷ ಹಿರಿಯಳಾದ ಸಾರಾ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾದನು. ಬಡ ಉಪಾಧ್ಯಾಯನು ಒಂದೇ ಹೆಜ್ಜೆಗೆ ಜಮೀನ್ದಾರನಾದನು. ಗವರ್ನರನ ಪರಿಚಯ ದೊರೆತು ಪ್ರಾಂತದ ಸೈನ್ಯದಲ್ಲಿ ಮೇಜರ್ ಪದವಿಯೂ ಬಂದಿತು. 1774ರಲ್ಲಿ ಹೆಣ್ಣುಮಗುವೊಂದು ಹುಟ್ಟಿತು. ತಾಯಿಯ ಹೆಸರನ್ನೇ ಮಗುವಿಗೂ ಇಟ್ಟರು.

ಅದೇ ವೇಳೆಗೆ ಅಮೆರಿಕದಲ್ಲಿ ಸ್ವಾತಂತ್ರ್ಯದ ಕಿಡಿ ಹೊತ್ತಿಕೊಂಡಿತ್ತು. ಥಾಮ್ಸನ್ ದೊರೆಯ ಪಕ್ಷದವನೆಂದು ಊರಿನವರಿಗೆ ಸಂಶಯ ಹುಟ್ಟಿತು. ಜನರ ಗುಂಪು ಮನೆಯ ಮುಂದೆ ಸೇರಿತು. ಅವನು ಮುಂಚೆಯೇ ಸುಳಿವು ತಿಳಿದು ತಪ್ಪಿಸಿಕೊಂಡಿದ್ದನು. ಜನರ ಸಂಶಯ ನಿರಾಧಾರವಾದುದಾಗಿರಲಿಲ್ಲ. 1775ರಲ್ಲಿ ಅವನು ಕಣ್ಣಿಗೆ ಕಾಣದ ಮಸಿಯಿಂದ ಬರೆದು ಕಳುಹಿಸಿದ ಗುಪ್ತವರದಿಯು ಇಂಗ್ಲಿಷ್ ಸೇನಾಪತಿ ಗೇಜನ ಕಾಗದಪತ್ರಗಳಲ್ಲಿ ಬಹುಕಾಲದ ಮೇಲೆ ದೊರೆತಿದೆ. ಆ ವರ್ಷದ ಶರತ್ಕಾಲದಲ್ಲಿ ಹೆಂಡತಿಯನ್ನೂ ಎಳೆಯ ಮಗುವನ್ನೂ ಬಿಟ್ಟು ಹೊರಟವನು ಆ ಹೆಂಡತಿಯ ಮುಖವನ್ನು ಮತ್ತೆ ನೋಡಲಿಲ್ಲ. ಆಕೆ 1792ರಲ್ಲಿ ತೀರಿಕೊಂಡಳು.

ಲಂಡನ್ನಿನಲ್ಲಿ ಅವನ ಏಳಿಗೆ ಬೇಗ ಬೇಗ ಆಯಿತು. ವಸಾಹತುಗಳ ಮಂತ್ರಿಯಾದ ಲಾರ್ಡ್ ಜರ್ಮೇನನ ಆಶ್ರಯ ದೊರೆಯಿತು. ಕೋವಿಮದ್ದಿನ ಮೇಲಣ ಪ್ರಯೋಗಗಳಿಗಾಗಿ 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. ಯುದ್ಧದ ಕೊನೆಯ ದಿನಗಳಲ್ಲಿ ಅವನು ಇಂಗ್ಲಿಷ್ ಕುದುರೆಪಡೆಯ ಅಧಿಕಾರಿಯಾಗಿ ಅಮೆರಿಕಕ್ಕೆ ಮರಳಿ, ಲಾಂಗ್ ಐಲೆಂಡಿನ ಹಂಟಿಂಗ್ಟನ್ನಿನಲ್ಲಿ ಊರವರ ಸ್ಮಶಾನದ ಮೇಲೆಯೇ ಕೋಟೆ ಕಟ್ಟಿಸಿದನು. ಸಮಾಧಿಯ ಕಲ್ಲುಗಳನ್ನು ಕಿತ್ತು ರೊಟ್ಟಿಯ ಒಲೆಗಳಿಗೆ ಬಳಸಿದರೆಂದೂ, ಬೆಂದ ರೊಟ್ಟಿಗಳ ಅಡಿಯಲ್ಲಿ ಸತ್ತವರ ಹೆಸರುಗಳು ತಿರುವುಮುರುವಾಗಿ ಮೂಡುತ್ತಿದ್ದುವೆಂದೂ ಆ ಊರಿನವರು ತಲೆಮಾರುಗಳ ಕಾಲ ಹೇಳಿಕೊಂಡು ಬಂದರು. ಮುಂದೆ ಬಡವರ ಒಲೆಗಾಗಿ ಅಷ್ಟೊಂದು ಚಿಂತಿಸಿದ ಮನುಷ್ಯನ ಚರಿತ್ರೆಯಲ್ಲಿ ಇಂತಹ ಒಲೆಯೂ ಒಂದಿತ್ತೆಂಬುದನ್ನು ಮರೆಯುವಂತಿಲ್ಲ.

ಮ್ಯೂನಿಕ್ಕಿನ ಭಿಕ್ಷುಕರು

1784ರಲ್ಲಿ ಮೂರನೆಯ ಜಾರ್ಜ್ ದೊರೆ ಅವನಿಗೆ ಸರ್ ಎಂಬ ಬಿರುದನ್ನಿತ್ತನು. ಅದೇ ವರ್ಷ ಅವನು ಬವೇರಿಯದ ಪ್ರಭು ಕಾರ್ಲ್ ಥಿಯೊಡೋರನ ಸೇವೆಗೆ ಸೇರಿದನು. ಅಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳೇ ಅವನ ಬಾಳಿನ ಅತ್ಯಂತ ಫಲವತ್ತಾದ ಕಾಲ.

ಸೈನ್ಯವನ್ನು ಸುಧಾರಿಸುವುದು ಅವನಿಗೆ ಒಪ್ಪಿಸಿದ ಕೆಲಸ. ಸಿಪಾಯಿಗೆ ತೊಡಲು ಏನು ಕೊಡಬೇಕು, ತಿನ್ನಲು ಏನು ಕೊಡಬೇಕು ಎಂದು ಆರಂಭವಾದ ವಿಚಾರವು ಯಾವ ಬಟ್ಟೆ ಮೈಯ ಶಾಖವನ್ನು ಎಷ್ಟು ಕಾಲ ತಡೆಯುತ್ತದೆ, ಎಷ್ಟು ಸೌದೆಗೆ ಎಷ್ಟು ಅಡಿಗೆ ಬೇಯುತ್ತದೆ ಎಂಬ ಪ್ರಶ್ನೆಗಳಿಗೆ ಎಡೆಮಾಡಿತು. ಮ್ಯೂನಿಕ್ ನಗರವು ಆಗ ಭಿಕ್ಷುಕರಿಂದ ತುಂಬಿಹೋಗಿತ್ತು. ಥಾಮ್ಸನ್ ಮೊದಲು ಒಂದು ದೊಡ್ಡ ಉದ್ಯೋಗಶಾಲೆಯನ್ನು ಸಿದ್ಧಪಡಿಸಿ, ನೂಲುವ ನೇಯುವ ಸಲಕರಣೆಗಳನ್ನೂ ಅಡಿಗೆಮನೆಯನ್ನೂ ಅಣಿಮಾಡಿಕೊಂಡನು. ಆಮೇಲೆ 1790ನೆಯ ಜನವರಿ 1ರಂದು, ಹೊಸ ವರ್ಷದ ಭಿಕ್ಷೆಗಾಗಿ ಎಲ್ಲರೂ ಬೀದಿಗಿಳಿದ ದಿನವನ್ನೇ ನೋಡಿ, ಅಧಿಕಾರಿಗಳೊಡನೆ ಹೊರಟು ಮೊದಲನೆಯ ಭಿಕ್ಷುಕನನ್ನು ತಾನೇ ಕೈಹಿಡಿದು ನಿಲ್ಲಿಸಿದನು. ಸಂಜೆಯ ವೇಳೆಗೆ ನಗರದ ಬೀದಿಗಳು ಬರಿದಾದುವು. ಹಿಡಿದವರನ್ನು ಸೆರೆಮನೆಗೆ ಕಳುಹಿಸಲಿಲ್ಲ. ಮರುದಿನದಿಂದ ಕೆಲಸಕ್ಕೂ ಬಿಸಿಯಾದ ಊಟಕ್ಕೂ ಬರಹೇಳಿದರು.

ಮನುಷ್ಯನನ್ನು ಮೊದಲು ಸದ್ಗುಣಿಯಾಗಿ ಮಾಡಿದರೆ ಅವನು ಸುಖಿಯಾಗುವನೆಂಬುದು ಎಲ್ಲರ ನಂಬಿಕೆಯಷ್ಟೆ. ಮೊದಲು ಸುಖವನ್ನು ಕೊಟ್ಟು ನೋಡೋಣ, ಗುಣವು ಹಿಂದೆ ಬಂದೀತು ಎಂಬುದು ಅವನ ಮತ. ಬೆಚ್ಚನೆಯ ಕೋಣೆ, ಶುಚಿಯಾದ ನೆಲ, ಹೊಟ್ಟೆ ತುಂಬ ಊಟ, ಇವುಗಳಿಂದಲೇ ಅವನು ತೊಡಗಿದನು. ಜವೆ, ಒಣಬಟಾಣಿ, ಆಲೂಗಡ್ಡೆ, ಒಣಗಿದ ರೊಟ್ಟಿ, ಉಪ್ಪು, ಹುಳಿ ಇವುಗಳನ್ನು ಬಹಳ ಹೊತ್ತು ಬೇಯಿಸಿ ಮಾಡಿದ ಅಂಬಲಿಯು ರಂಫರ್ಡ್ ಸೂಪ್ ಎಂಬ ಹೆಸರಿನಿಂದ ಯೂರೋಪಿನ ಅನೇಕ ನಗರಗಳಿಗೆ ಹಬ್ಬಿತು. ಆಲೂಗಡ್ಡೆಯೆಂದರೆ ಆಗಿನ ಜನರಿಗೆ ಅಸಹ್ಯ. ಅದಕ್ಕಾಗಿ ಮೊದಮೊದಲು ಅದನ್ನು ಗುರುತು ಸಿಗದಂತೆ ಕರಗುವವರೆಗೂ ಬೇಯಿಸಿ ಗುಟ್ಟಾಗಿ ಬೆರೆಸಿದರು. ಬಹಳ ಹೊತ್ತು ಬೇಯಿಸಿದರೆ ನೀರೇ ಆಹಾರವಾಗಿ ಮಾರ್ಪಡುತ್ತದೆ ಎಂದು ಅವನು ಭಾವಿಸಿದ್ದುದು ತಪ್ಪು. ಆದರೆ ಹಸಿದವರಿಗೆ ದಿನವೂ ಬಿಸಿಯಾದ ಊಟ ದೊರೆತುದು ನಿಜ.

ನಗರದ ಜನ ವಿಹರಿಸಲೆಂದು 1789ರಲ್ಲಿ ಅವನ ಸಲಹೆಯಂತೆ ಆರಂಭವಾದ ಇಂಗ್ಲಿಷ್ ತೋಟವು ಇಂದಿಗೂ ಮ್ಯೂನಿಕ್ಕಿನ ಹೆಮ್ಮೆಯಾಗಿದೆ. ಪ್ರಭುವು ಅವನನ್ನು ಕೌಂಟ್ ಪದವಿಗೆ ಏರಿಸಿದಾಗ, ಬಿರುದಿಗೆ ಯಾವ ಊರಿನ ಹೆಸರು ಬೇಕೆಂಬ ಪ್ರಶ್ನೆ ಬಂದಿತು. ತಾನು ಮೊದಲು ಭಾಗ್ಯವನ್ನು ಕಂಡ, ಓಡಿಹೋಗಬೇಕಾಗಿ ಬಂದ, ಹೆಂಡತಿಯ ಮನೆಯಿದ್ದ ಊರಿನ ಹಳೆಯ ಹೆಸರನ್ನೇ ಅವನು ಆರಿಸಿಕೊಂಡನು. ಅಂದಿನಿಂದ ಅವನು ಕೌಂಟ್ ರಂಫರ್ಡ್.

ತೋಪಿನ ಶಾಖ, ಒಲೆಯ ಶಾಖ

ಉಷ್ಣವು ಒಂದು ಸೂಕ್ಷ್ಮದ್ರವ್ಯ, ಅದು ಬಿಸಿಯಾದ ವಸ್ತುವಿನಿಂದ ತಣ್ಣಗಿನ ವಸ್ತುವಿಗೆ ನೀರಿನಂತೆ ಹರಿಯುತ್ತದೆ ಎಂಬುದು ಆ ಕಾಲದ ಪಂಡಿತರ ಸಿದ್ಧಾಂತ. ಫ್ರಾನ್ಸಿನ ಮಹಾವಿಜ್ಞಾನಿ ಲಾವಾಸಿಯೆ ಅದನ್ನು ಮೂಲವಸ್ತುಗಳ ಪಟ್ಟಿಯಲ್ಲಿಯೇ ಸೇರಿಸಿದ್ದನು. ಮ್ಯೂನಿಕ್ಕಿನ ಆಯುಧಶಾಲೆಯಲ್ಲಿ ಹಿತ್ತಾಳೆಯ ತೋಪುಗಳನ್ನು ಕೊರೆಯುವಾಗ ಅವು ಕೈಯಿಡಲಾಗದಷ್ಟು ಕಾಯುವುದನ್ನು ರಂಫರ್ಡ್ ಗಮನಿಸಿದನು. ಮೊಂಡಾದ ಕೊರೆಯುಳಿಯನ್ನು ಇಟ್ಟು, ಸುತ್ತ ನೀರಿನ ಪೆಟ್ಟಿಗೆಯನ್ನು ಕಟ್ಟಿ, ಕುದುರೆಗಳಿಂದ ಯಂತ್ರವನ್ನು ತಿರುಗಿಸಿದನು. ಎರಡೂವರೆ ಗಂಟೆಯ ಹೊತ್ತಿಗೆ, ಬೆಂಕಿಯ ಸೋಂಕೇ ಇಲ್ಲದೆ, 18 ಪೌಂಡಿಗೂ ಹೆಚ್ಚು ತೂಕದ ತಣ್ಣೀರು ಕೊತಕೊತನೆ ಕುದಿಯಿತು. ನೆರೆದವರು ಬೆರಗಾದರು. ಕುದುರೆ ತಿರುಗುತ್ತಿರುವ ತನಕ ಮುಗಿಯದೆ ಹೊರಡುತ್ತಿರುವ ಉಷ್ಣವು ಲೋಹದೊಳಗೆ ಅಡಗಿದ್ದ ದ್ರವ್ಯವಾಗಿರಲಾರದು; ಅದು ಚಲನೆಯ ಒಂದು ರೂಪವೇ ಆಗಿರಬೇಕು ಎಂದು ಅವನು ತೀರ್ಮಾನಿಸಿದನು. 1798ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂದ ಈ ಪ್ರಬಂಧದ ಅರ್ಥ ಪೂರ್ಣವಾಗಿ ಬೆಳಕಿಗೆ ಬರಲು 1840ರ ದಶಕದಲ್ಲಿ ಜೂಲನು ನಡೆಸಿದ ಪ್ರಯೋಗಗಳ ತನಕ ಕಾಯಬೇಕಾಯಿತು.

ಕಾಫಿಯ ಕಥೆಗೆ ಇನ್ನೂ ಹತ್ತಿರವಾದುದು ಅವನ ಮತ್ತೊಂದು ಶೋಧನೆ. ಸೇಬಿನ ಕಡುಬಿನಂತಹ ಮಂದವಾದ ತಿನಿಸು ಮೇಲೆ ಆರಿದಂತೆ ಕಂಡರೂ ಒಳಗೆ ಬಾಯಿ ಸುಡುವಷ್ಟು ಬಿಸಿಯಾಗಿರುತ್ತದೆ. ನೀರು ಹಾಗಲ್ಲ, ಬೇಗ ಆರುತ್ತದೆ. ಇದೇಕೆ? ಒಮ್ಮೆ ಮದ್ಯಸಾರ ತುಂಬಿದ ದೊಡ್ಡದೊಂದು ಉಷ್ಣಮಾಪಕವನ್ನು ಕಿಟಕಿಯ ಬಳಿ ಆರಲಿಟ್ಟಿದ್ದಾಗ, ದ್ರವದಲ್ಲಿದ್ದ ಧೂಳಿನ ಕಣಗಳು ನಡುವೆ ಮೇಲೇರಿ, ಅಂಚಿನಲ್ಲಿ ಕೆಳಗಿಳಿಯುತ್ತಿರುವುದು ಅವನ ಕಣ್ಣಿಗೆ ಬಿದ್ದಿತು. ದ್ರವವು ಆರುವಾಗ ಅದರೊಳಗೆ ಪ್ರವಾಹಗಳು ಏಳುತ್ತವೆ. ಆ ಪ್ರವಾಹಗಳೇ ಶಾಖವನ್ನು ಹೊತ್ತು ಹೊರಗೆ ಹಾಕುತ್ತವೆ. ಮಂದವಾದ ವಸ್ತುವಿನಲ್ಲಿ ಹಾಗೆ ಹರಿಯಲು ಎಡೆಯಿಲ್ಲ. ಒಂದು ಬಟ್ಟಲ ಕಾಫಿಯನ್ನು ಕುರಿತು ಅವನು ಮುಂದೆ ಹೇಳಿದುದಕ್ಕೆಲ್ಲ ಮೂಲ ಇಲ್ಲಿದೆ.

ಲಂಡನ್ನಿಗೆ ಬಂದು ಹೋಗುತ್ತಿದ್ದ ದಿನಗಳಲ್ಲಿ ಅವನು ಅಲ್ಲಿನ ಹೊಗೆ ಕಾರುವ ಅಗ್ಗಿಷ್ಟಿಕೆಗಳನ್ನು ನೋಡಿ, ಅವುಗಳ ಆಳವನ್ನು ತಗ್ಗಿಸಿ, ಬದಿಗೋಡೆಗಳನ್ನು ಓರೆಮಾಡಿ, ಹೊಗೆಗಂಡಿಯ ಕೊರಳನ್ನು ಕಿರಿದುಗೊಳಿಸಿ, ನೂರಾರು ಮನೆಗಳನ್ನು ಹೊಗೆಯಿಂದ ಬಿಡಿಸಿದನು. ತೆರೆದ ಬೆಂಕಿಯ ಮೇಲೆ ಪಾತ್ರೆ ತೂಗಹಾಕುವ ಪದ್ಧತಿಯನ್ನು ಬಿಡಿಸಿ, ಪಾತ್ರೆಯನ್ನು ಹುದುಗಿಸಿ ಬೆಂಕಿಯನ್ನು ಮುಚ್ಚಿಡುವ ಒಲೆಗಳನ್ನು ಕಟ್ಟಿಸಿದನು. ಇವು ಯಾವುದಕ್ಕೂ ಅವನು ಹಕ್ಕುಪತ್ರ ಪಡೆಯಲಿಲ್ಲ. ಬೇಕಾದವರು ಮಾಡಿಕೊಳ್ಳಲಿ ಎಂದು ಪ್ರಬಂಧಗಳಲ್ಲಿ ಅಳತೆ ಸಹಿತ ಬರೆದು ಪ್ರಕಟಿಸಿದನು. 1799ರಲ್ಲಿ ಅವನು ಸ್ಥಾಪಿಸಿದ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉದ್ದೇಶವೂ ವಿಜ್ಞಾನವನ್ನು ದಿನದಿನದ ಬಾಳಿಗೆ ತರುವುದೇ ಆಗಿತ್ತು. ಹಂಫ್ರಿ ಡೇವಿಯನ್ನು 1801ರಲ್ಲಿ ಅಲ್ಲಿಗೆ ಕರೆತಂದವನು ಇವನೇ. ಆದರೆ ಜೊತೆಗಾರರೊಡನೆ ಹೊಂದಿ ನಡೆಯುವ ಗುಣ ಇವನಿಗಿರಲಿಲ್ಲ. ಮನಸ್ತಾಪ ಬೆಳೆದು, ತಾನು ಕಟ್ಟಿದ ಸಂಸ್ಥೆಯನ್ನು ತಾನೇ ತೊರೆದು ಪ್ಯಾರಿಸಿಗೆ ಹೋದನು.

ಕುದಿನೀರು ಬಿದ್ದ ಹೂದೋಟ

ಪ್ಯಾರಿಸಿನಲ್ಲಿ ಅವನ ಮನಸ್ಸು ಲಾವಾಸಿಯೆಯ ವಿಧವೆಯ ಮೇಲೆ ಹೋಯಿತು. ಮಾರಿ ಆನ್ ಸಾಮಾನ್ಯ ಹೆಂಗಸಲ್ಲ. ಗಂಡನ ಪ್ರಯೋಗಗಳಲ್ಲಿ ಸಹಾಯಕಳಾಗಿ, ಅವನ ಗ್ರಂಥಕ್ಕೆ ಚಿತ್ರಗಳನ್ನು ಬರೆದು, ಇಂಗ್ಲಿಷಿನಿಂದ ರಸಾಯನಶಾಸ್ತ್ರದ ಪುಸ್ತಕಗಳನ್ನು ಅನುವಾದಿಸಿದ ವಿದುಷಿ. 1794ನೆಯ ಮೇ 8ರಂದು, ಒಂದೇ ದಿನ, ಆಕೆಯ ಗಂಡನೂ ತಂದೆಯೂ ಕ್ರಾಂತಿಯ ಗಿಲೊಟಿನ್ನಿಗೆ ಬಲಿಯಾಗಿದ್ದರು. ಲಾವಾಸಿಯೆಯ ಉಷ್ಣದ್ರವ್ಯ ಸಿದ್ಧಾಂತವನ್ನು ಅಲ್ಲಗಳೆದವನು ಲಾವಾಸಿಯೆಯ ಹೆಂಡತಿಯನ್ನು 1805ರಲ್ಲಿ ಮದುವೆಯಾದನು. ಆಕೆ ಹಳೆಯ ಹೆಸರನ್ನು ಬಿಡಲೊಪ್ಪದೆ, ಎರಡು ಹೆಸರುಗಳನ್ನೂ ಸೇರಿಸಿಯೇ ಬರೆಯುತ್ತಿದ್ದಳು.

ಇಬ್ಬರ ಸ್ವಭಾವಗಳೂ ಎದುರುಬದುರು. ಆಕೆಗೆ ಮನೆ ತುಂಬ ಅತಿಥಿಗಳು, ಹರಟೆ, ಔತಣ ಬೇಕು. ಅವನಿಗೆ ಪ್ರಯೋಗ, ತೋಟ, ಮೌನ ಬೇಕು. ಒಂದು ದಿನ ತನಗೆ ಬೇಡವಾದ ದೊಡ್ಡ ಗುಂಪೊಂದನ್ನು ಆಕೆ ಆಹ್ವಾನಿಸಿದಳೆಂದು ಅವನು ಹೆಬ್ಬಾಗಿಲಿಗೆ ಬೀಗ ಹಾಕಿಸಿ ಬೀಗದಕೈಗಳನ್ನು ತಾನೇ ಇಟ್ಟುಕೊಂಡನು. ಆಕೆ ಗೋಡೆಯಾಚೆಗಿದ್ದ ಅತಿಥಿಗಳೊಡನೆ ಈಚೆಯಿಂದಲೇ ಮಾತನಾಡಿ, ಅವರು ಹೋದ ಮೇಲೆ ಅವನು ಅಕ್ಕರೆಯಿಂದ ಬೆಳೆಸಿದ್ದ ಹೂಗಿಡಗಳ ಮೇಲೆ ಕುದಿಯುವ ನೀರನ್ನು ಸುರಿಸಿದಳು. ಈ ಸಂಗತಿಯನ್ನು ಅವನೇ ಮಗಳಿಗೆ ಕಾಗದ ಬರೆದು ತಿಳಿಸಿದ್ದಾನೆ. ಉಷ್ಣವು ಯಾವ ದಾರಿಯಿಂದ ಮನೆಯನ್ನು ಬಿಟ್ಟು ಹೊರಗೆ ಹೋಗುತ್ತದೆಂಬುದನ್ನು ಯೂರೋಪಿಗೆಲ್ಲ ಹೇಳಿಕೊಟ್ಟವನ ಮನೆಯಲ್ಲಿ ಬೆಚ್ಚನೆಯ ಭಾವ ನಾಲ್ಕು ವರ್ಷವೂ ನಿಲ್ಲಲಿಲ್ಲ. 1809ರಲ್ಲಿ ಅವರು ಬೇರೆಯಾದರು. ಅವನು ಪ್ಯಾರಿಸಿನ ಹೊರವಲಯದ ಓತೇ ಎಂಬಲ್ಲಿ ನೆಲಸಿದನು.

ಮಗಳ ವಿಷಯವನ್ನು ಇಲ್ಲಿ ಹೇಳಬೇಕು. ಕೈಗೂಸಾಗಿದ್ದಾಗ ಬಿಟ್ಟುಬಂದ ಸಾರಾಳನ್ನು ಅವನು ಮತ್ತೆ ನೋಡಿದುದು 1796ರಲ್ಲಿ, ಆಕೆಗೆ ಇಪ್ಪತ್ತೊಂದು ವರ್ಷವಾಗಿದ್ದಾಗ. ಲಂಡನ್ನಿಗೂ ಮ್ಯೂನಿಕ್ಕಿಗೂ ಅವಳು ತಂದೆಯ ಹಿಂದೆ ಬಂದಳು. 1799ರಲ್ಲಿ ಅಮೆರಿಕಕ್ಕೆ ಹಿಂದಿರುಗಿದಳು. ಹನ್ನೆರಡು ವರ್ಷಗಳ ಮೇಲೆ, 1811ರಲ್ಲಿ, ಒಂಟಿಯಾಗಿದ್ದ ತಂದೆಯ ಬಳಿಗೆ ಓತೇ ಗ್ರಾಮಕ್ಕೆ ಮತ್ತೆ ಬಂದಳು. ಕಾಫಿಯ ಪ್ರಬಂಧವು ಹೊರಬಂದುದು ಅದರ ಮರುವರ್ಷ.

ಕಾಫಿಯ ಪ್ರಬಂಧ

ಆಗಿನ ಇಂಗ್ಲೆಂಡಿನಲ್ಲಿ ಕಾಫಿಯ ಪುಡಿಯನ್ನು ನೀರಿಗೆ ಹಾಕಿ ಬಹಳ ಹೊತ್ತು ಕುದಿಸುತ್ತಿದ್ದರು. ಗಸಿ ತಳಕ್ಕೆ ಕೂಡಲೆಂದು ಮೊಟ್ಟೆಯ ಬಿಳಿಯನ್ನೋ ಮೀನಿನ ಅಂಟನ್ನೋ ಬೆರೆಸುತ್ತಿದ್ದರು. ಫ್ರಾನ್ಸಿನಲ್ಲಿ ಬಟ್ಟೆಯ ಚೀಲದಲ್ಲಿ ಸೋಸುವ ರೂಢಿಯಿತ್ತು. 1800ರ ಸುಮಾರಿಗೆ ಎರಡು ಅಂತಸ್ತಿನ ಸೋಸುವ ಪಾತ್ರೆಯೊಂದು ಬಳಕೆಗೆ ಬಂದು, ಅದಕ್ಕೆ ಪ್ಯಾರಿಸಿನ ಮಹಾಧರ್ಮಾಧ್ಯಕ್ಷ ದ ಬೆಲ್ವಾನ ಹೆಸರು ಅಂಟಿಕೊಂಡಿತು. ರಂಫರ್ಡ್ ಮೆಚ್ಚಿದುದು ಈ ಸೋಸುವ ಮಾರ್ಗವನ್ನು. ಕಾಫಿಯ ಶ್ರೇಷ್ಠ ಗುಣಗಳನ್ನೂ ಅದನ್ನು ಪರಿಪೂರ್ಣವಾಗಿ ತಯಾರಿಸುವ ಕಲೆಯನ್ನೂ ಕುರಿತು ಅವನು ಬರೆದ ದೀರ್ಘಪ್ರಬಂಧವು 1812ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಅವನ ವಾದ ಸರಳವಾದುದು. ಕಾಫಿಯ ಸಾರವೆಲ್ಲ ಅದರ ಪರಿಮಳದಲ್ಲಿದೆ. ಆ ಪರಿಮಳವು ಅತಿ ಚಂಚಲವಾದ ವಸ್ತು. ಕುದಿಸಿದಾಗ ಮನೆಯೆಲ್ಲ ಘಮಘಮಿಸುತ್ತದೆಯೆಂದು ನಾವು ಹಿಗ್ಗುತ್ತೇವೆ. ಕೋಣೆಯನ್ನು ತುಂಬಿದ ಆ ಪರಿಮಳವು ಬಟ್ಟಲಿಗೆ ಆದ ನಷ್ಟವೆಂಬುದನ್ನು ತಿಳಿಯುವುದಿಲ್ಲ. ಆದ್ದರಿಂದ ಕಾಫಿಯನ್ನು ಕುದಿಸಲೇಬಾರದು. ಕುದಿಸಿದ ನೀರನ್ನು ಪುಡಿಯ ಮೂಲಕ ಹಾಯಿಸಬೇಕು. ಇಳಿಯುವ ಕಷಾಯವು ಆರುತ್ತ ಹೋದರೆ ಅದರೊಳಗೆ ಪ್ರವಾಹಗಳು ಎದ್ದು, ಒಳಗಿನ ಭಾಗವೆಲ್ಲ ಸರದಿಯಂತೆ ಮೇಲಕ್ಕೆ ಬಂದು ಗಾಳಿಗೆ ಸೋಕಿ, ಪರಿಮಳವನ್ನು ಬಿಟ್ಟುಕೊಡುತ್ತದೆ. ಪಾತ್ರೆಯ ಎಲ್ಲ ಭಾಗವೂ ಒಂದೇ ಸಮನಾದ ಬಿಸಿಯಲ್ಲಿದ್ದರೆ ಆ ಚಲನೆ ನಿಲ್ಲುತ್ತದೆ, ಪರಿಮಳವೂ ಉಳಿಯುತ್ತದೆ. ಇದಕ್ಕಾಗಿ ಅವನು ಕಾಫಿಪಾತ್ರೆಯ ಸುತ್ತ ಮತ್ತೊಂದು ಪಾತ್ರೆಯನ್ನು ಕವಚದಂತೆ ಜೋಡಿಸಿ, ನಡುವಣ ಎಡೆಯಲ್ಲಿ ಬಿಸಿನೀರನ್ನು ತುಂಬಿಸಿದನು.

ಪುಡಿಯ ವಿಷಯದಲ್ಲಿಯೂ ಅವನು ಹೀಗೆಯೇ ಸೂಕ್ಷ್ಮವಾಗಿ ಯೋಚಿಸಿದನು. ಪುಡಿಯು ತೆಳುವಾಗಿದ್ದರೆ ನೀರು ಸಾರವನ್ನು ಹೀರುವ ಮುನ್ನವೇ ಓಡಿಹೋಗುತ್ತದೆ. ದಪ್ಪವಾಗಿದ್ದರೆ ಇಳಿಯುವುದೇ ಇಲ್ಲ. ಒತ್ತಿದ ಮೇಲೆ ಸುಮಾರು ಅರ್ಧ ಅಂಗುಲದಷ್ಟಿರಬೇಕು. ಒತ್ತುವುದು ಏಕೆ? ಸಡಿಲವಾದ ಪುಡಿಯಲ್ಲಿ ನೀರು ತನಗೆ ಬೇಕಾದಲ್ಲಿ ಕಾಲುವೆ ಕೊರೆದುಕೊಂಡು ಹೋಗುತ್ತದೆ. ಒಂದು ಕಡೆಯ ಪುಡಿ ಸತ್ತ್ವಹೀನವಾಗುತ್ತದೆ, ಇನ್ನೊಂದು ಕಡೆಯದು ನೆನೆಯುವುದೂ ಇಲ್ಲ. ಸಮನಾಗಿ ಒತ್ತಿ, ಮೇಲೆ ತೂತುಗಳುಳ್ಳ ಬಿಲ್ಲೆಯನ್ನು ಇಟ್ಟರೆ, ಸುರಿದ ನೀರು ಪುಡಿಯನ್ನು ಕದಡದೆ ಎಲ್ಲೆಡೆಯೂ ಸಮವಾಗಿ ಇಳಿಯುತ್ತದೆ.

ಈ ಮಾತುಗಳನ್ನು ಓದಿದ ಕನ್ನಡ ಗೃಹಿಣಿಗೆ ತನ್ನ ಫಿಲ್ಟರಿನ ನೆನಪಾಗದೆ ಇರದು. ತಳದಲ್ಲಿ ತೂತುಗಳಿರುವ ಮೇಲಿನ ಪಾತ್ರೆ, ನಡುವೆ ಕಡ್ಡಿಯ ಹಿಡಿಯುಳ್ಳ ತೂತಿನ ಬಿಲ್ಲೆ, ಡಿಕಾಕ್ಷನ್ ಇಳಿಯುವ ಕೆಳಗಿನ ಪಾತ್ರೆ: ಹಿತ್ತಾಳೆಯದಾಗಲಿ ಸ್ಟೀಲಿನದಾಗಲಿ, ತತ್ತ್ವವು ಇದೇ. ಆ ಬಿಲ್ಲೆಯನ್ನು ಎಸೆದು ಬರಿಯ ಪುಡಿಗೆ ನೀರು ಸುರಿಯುವವರು ರಂಫರ್ಡನ ಅರ್ಧ ಪ್ರಬಂಧವನ್ನೇ ಎಸೆದಂತೆ! ಅವನ ನೀರಿನ ಕವಚ ಮಾತ್ರ ನಮ್ಮಲ್ಲಿ ಇಲ್ಲ. ಡಿಕಾಕ್ಷನ್ ಆರಿದಾಗ ಅದನ್ನು ನೇರವಾಗಿ ಒಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಇಳಿಬಿಡುವ ಜಾಣೆಯರು ಅದನ್ನೂ ತಮ್ಮ ಅನುಭವದಿಂದಲೇ ಕಂಡುಕೊಂಡಿದ್ದಾರೆ.

ಇಂದಿನ ವಿಜ್ಞಾನದ ಬೆಳಕಿನಲ್ಲಿ ನೋಡಿದರೆ ಅವನ ವಿವರಣೆಯನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಕಾಫಿಯ ಪರಿಮಳವು ಒಂದೇ ವಸ್ತುವಲ್ಲ. ನೂರಾರು ಚಂಚಲ ವಸ್ತುಗಳು ಸೇರಿ ಅದಾಗಿದೆ. ದ್ರವದ ಪ್ರವಾಹವನ್ನು ನಿಲ್ಲಿಸಿದರೂ ಬಿಸಿಯಿರುವ ತನಕ ಅವು ಹಾರಿಹೋಗುತ್ತಲೇ ಇರುತ್ತವೆ. ಬಹಳ ಹೊತ್ತು ಬಿಸಿಯಲ್ಲಿಟ್ಟ ಕಾಫಿ ಕೆಡುತ್ತದೆ. ಕುದಿಸಿದಾಗ ಪರಿಮಳ ಹೋಗುವುದಲ್ಲದೆ, ಕಹಿಯೂ ಒಗರೂ ಪುಡಿಯಿಂದ ಹೆಚ್ಚಾಗಿ ಇಳಿಯುತ್ತವೆ. ನೀರು 90ರಿಂದ 96 ಸೆಂಟಿಗ್ರೇಡ್ ಡಿಗ್ರಿಯಷ್ಟಿದ್ದರೆ ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ. ಬೆಂಗಳೂರಿನಂತಹ ಎತ್ತರದ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ, ಒಲೆಯಿಂದ ಇಳಿಸಿ ಒಂದು ಗಳಿಗೆ ತಡೆದು ಸುರಿದರೆ ಹದ ತಾನಾಗಿ ಒದಗುತ್ತದೆ. ಕುದಿಸಬೇಡಿ, ಸಮವಾಗಿ ಒತ್ತಿ, ನಿಧಾನವಾಗಿ ಸುರಿಯಿರಿ ಎಂಬ ಅವನ ಮೂರು ವಿಧಿಗಳನ್ನು ಮಾತ್ರ ಯಾರೂ ಅಳಿಸಿಲ್ಲ. ಅವನನ್ನು ಪರ್ಕೊಲೇಟರಿನ ಜನಕನೆಂದು ಹಲವರು ಕರೆಯುತ್ತಾರೆ. ಇಳಿದ ಕಷಾಯವನ್ನೇ ಮತ್ತೆ ಮತ್ತೆ ಕುದಿಸಿ ಪುಡಿಯ ಮೇಲೆ ಚಿಮ್ಮಿಸುವ ಮುಂದಿನ ಕಾಲದ ಪಾತ್ರೆಗೆ ಆ ಹೆಸರು ನಿಂತಿದೆ; ಅದನ್ನು ಕಂಡಿದ್ದರೆ ಅವನು ಸಿಡಿಮಿಡಿಗೊಳ್ಳುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ. ಅವನ ಮಾರ್ಗದಲ್ಲಿ ನಡೆದವಳು ಡ್ರೆಸ್ಡನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಜ್. ಆಕೆ 1908ರಲ್ಲಿ ಮಗನ ಶಾಲೆಯ ಪುಸ್ತಕದ ಒತ್ತುಕಾಗದವನ್ನು ತೂತುಮಾಡಿದ ಪಾತ್ರೆಯಲ್ಲಿಟ್ಟು ಸೋಸಿ, ಕಾಗದದ ಫಿಲ್ಟರನ್ನು ಲೋಕಕ್ಕೆ ಕೊಟ್ಟಳು.

ಪ್ರಬಂಧದ ಒಂದು ಲೆಕ್ಕವನ್ನು ಇಲ್ಲಿ ಹೇಳದೆ ಬಿಡಲಾಗದು. ಒಂದು ಪೌಂಡು ಒಳ್ಳೆಯ ಮೋಕಾ ಬೀಜವನ್ನು ಹದವರಿತು ಹುರಿದು ಪುಡಿಮಾಡಿದರೆ 13 ಔನ್ಸು ಉಳಿಯುತ್ತದೆ. ಅದರಿಂದ 56 ಬಟ್ಟಲು ಉತ್ತಮ ಕಾಫಿ ಆಗುತ್ತದೆ. ಎಂದರೆ ಬಟ್ಟಲೊಂದಕ್ಕೆ ಸುಮಾರು ಆರೂವರೆ ಗ್ರಾಂ ಪುಡಿ. ಈ ಲೆಕ್ಕ ಜಿಪುಣತನದ್ದಲ್ಲ. ನೆಪೋಲಿಯನ್ನನು 1806ರಲ್ಲಿ ಇಂಗ್ಲೆಂಡಿನ ವ್ಯಾಪಾರಕ್ಕೆ ವಿಧಿಸಿದ ನಿರ್ಬಂಧದಿಂದ ಯೂರೋಪಿನಲ್ಲಿ ಕಾಫಿಯ ಬೀಜ ದುರ್ಲಭವಾಗಿ, ಬೆಲೆ ಮೇಲೇರಿ, ಜನ ಚಿಕೋರಿಯ ಬೇರನ್ನು ಹುರಿದು ಕುಡಿಯತೊಡಗಿದ್ದ ಕಾಲ ಅದು. ಚಿಕೋರಿ ಇಂದು ನಮ್ಮ ಕಾಫಿಪುಡಿಯ ಪೊಟ್ಟಣಗಳಲ್ಲಿಯೂ ಮನೆಮಾಡಿಕೊಂಡಿದೆ. ಮದ್ಯವನ್ನು ಕುಡಿದು ಕೆಡುವ ದುಡಿಮೆಗಾರನಿಗೆ ಉಲ್ಲಾಸ ಕೊಡುವ, ಆದರೆ ಮನೆಯನ್ನು ಹಾಳುಮಾಡದ ಪಾನೀಯವೊಂದು ಬೇಕು. ಒಂದೇ ಅಳತೆಯ ಪುಡಿಯಿಂದ ಪೂರ್ಣಸಾರವನ್ನು ತೆಗೆಯಬಲ್ಲವನಿಗೆ ಕಾಫಿ ಭೋಗವಸ್ತುವಾಗಿ ಉಳಿಯಬೇಕಾಗಿಲ್ಲ ಎಂಬುದು ಅವನ ಆಶಯ. ಮ್ಯೂನಿಕ್ಕಿನ ಅಂಬಲಿಯೂ ಓತೇ ಗ್ರಾಮದ ಕಾಫಿಯೂ ಒಂದೇ ಮನಸ್ಸಿನಿಂದ ಹುಟ್ಟಿದುವು.

ಗುಣದೋಷ

1814ನೆಯ ಆಗಸ್ಟ್ 21ರಂದು ರಂಫರ್ಡ್ ಓತೇ ಗ್ರಾಮದಲ್ಲಿ ತೀರಿಕೊಂಡನು. ಅಲ್ಲಿಯ ಸ್ಮಶಾನದಲ್ಲಿಯೇ ಅವನ ಸಮಾಧಿಯಿದೆ. ಹಿಂದೆ ನಡೆದುಹೋಗಿ ಪಾಠ ಕೇಳಿದ್ದ ಹಾರ್ವರ್ಡಿಗೆ ಅವನು ಆಸ್ತಿಯ ಒಂದು ಪಾಲನ್ನು ಬರೆದಿಟ್ಟಿದ್ದನು. ಅವನು ಕೊಟ್ಟ ಹಣದಿಂದ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಉಷ್ಣ ಮತ್ತು ಬೆಳಕಿನ ಸಂಶೋಧನೆಗೆ ಪದಕಗಳು ಸಲ್ಲುತ್ತಿವೆ. ಫ್ರೆಂಚ್ ವಿದ್ವತ್ಸಭೆಯಲ್ಲಿ ಅವನ ಚರಮಪ್ರಶಸ್ತಿಯನ್ನು ಓದಿದ ಕುವಿಯೆ, ಇವನು ಜನಕ್ಕೆ ಇಷ್ಟೆಲ್ಲ ಉಪಕಾರ ಮಾಡಿದರೂ ಜನರನ್ನು ಪ್ರೀತಿಸಿದವನಲ್ಲ, ಗೌರವಿಸಿದವನೂ ಅಲ್ಲ ಎಂಬ ಅರ್ಥದ ಮಾತನ್ನು ಮರೆಮಾಚದೆ ಆಡಿದನು.

ಆ ತೀರ್ಪು ಕಠಿನವಾದರೂ ಸುಳ್ಳಲ್ಲ. ಹುಟ್ಟಿದ ನೆಲಕ್ಕೆ ಎರಡು ಬಗೆದವನು, ಹೆಂಡತಿಯನ್ನು ಹಡಗಿನ ದಡದಲ್ಲಿ ಬಿಟ್ಟವನು, ಸ್ನೇಹಿತರೊಡನೆ ಬಾಳಲಾರದವನು ಮಹಾಪುರುಷರ ಸಾಲಿನಲ್ಲಿ ನಿಲ್ಲುವನೆಂದು ಯಾರು ಹೇಳಿಯಾರು? ಆದರೆ ಇನ್ನೊಂದು ಪ್ರಶ್ನೆಯೂ ಉಂಟು. ಜನರನ್ನು ಪ್ರೀತಿಸುತ್ತೇವೆಂದು ಸಾರುವ ಎಷ್ಟೋ ಮಂದಿ ಬಡವರ ಅಡಿಗೆಮನೆಯೊಳಕ್ಕೆ ಇಣಿಕಿಯೂ ನೋಡಿದವರಲ್ಲ. ಹೊಗೆಯಿಂದ ಕಣ್ಣು ಉರಿಯುವ ಹೆಂಗಸಿನ ಕಷ್ಟವನ್ನು ಪದ್ಯದಲ್ಲಿ ಹಾಡುವುದು ಸುಲಭ. ಹೊಗೆಗಂಡಿಯ ಕೊರಳು ಎಷ್ಟು ಅಂಗುಲವಿರಬೇಕೆಂದು ಅಳೆದು ಹೇಳುವುದು ಕಷ್ಟ. ರಂಫರ್ಡ್ ಆ ಕಷ್ಟದ ಕೆಲಸವನ್ನು ಆರಿಸಿಕೊಂಡನು. ಪ್ರೀತಿಯಿಲ್ಲದೆ ಮಾಡಿದ ಉಪಕಾರಕ್ಕೆ ಬೆಲೆಯಿಲ್ಲವೆಂದು ನೀತಿಶಾಸ್ತ್ರ ಹೇಳಬಹುದು. ಆ ಉಪಕಾರದಿಂದ ಬೆಚ್ಚಗಾದ ಕೋಣೆಯಲ್ಲಿ ಮಲಗಿದ ಮಗುವಿಗೆ ಆ ಶಾಸ್ತ್ರ ತಿಳಿಯದು.

ಮನುಷ್ಯನನ್ನು ಅಳೆಯುವಾಗ ಅವನ ಪಾಪಗಳನ್ನು ಮುಚ್ಚುವುದು ಚರಿತ್ರಕಾರನ ಧರ್ಮವಲ್ಲ. ಅವನು ಬಿಟ್ಟುಹೋದ ಒಳಿತನ್ನು ಆ ಪಾಪಗಳ ಜೊತೆಗೆ ಹೂಳುವುದೂ ಧರ್ಮವಲ್ಲ. ಬೆಳಗಿನ ಹೊತ್ತು ಫಿಲ್ಟರಿನೊಳಗೆ ಬಿಲ್ಲೆಯನ್ನು ಒತ್ತಿ, ಬಿಸಿನೀರನ್ನು ನಿಧಾನವಾಗಿ ಸುರಿದು, ಮುಚ್ಚಳ ಮುಚ್ಚಿ ಕಾಯುವ ಲಕ್ಷಾಂತರ ಜನ ರಂಫರ್ಡನ ಹೆಸರನ್ನು ಕೇಳಿದವರಲ್ಲ. ಅವನು ಹೇಳಿದ ಹಾಗೆಯೇ ಅವರು ಮಾಡುತ್ತಿದ್ದಾರೆ; ಕಾಫಿಯೂ ಚೆನ್ನಾಗಿ ಇಳಿಯುತ್ತಿದೆ.